ಎಣ್ಣೆ ಧಾರಣೆಯ ಊರಿನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಒಂದು ಸಲ ವಿಷಯಕ್ಕೆ, ಇನ್ನೊಂದು ಸಲ ಹಿಂದೆ ಕೇಳುತ್ತಿದ್ದ ಮಳೆಗೆ. ಕೊಟ್ಟಿಗೆ ತಗಡಿನ ಮೇಲೆ ಬೀಳುವ ನಮ್ಮೂರು ಸಾಗರದ ಮಳೆ. ಇಲ್ಲಿ ಅಮೆರಿಕದ ಹೂಸ್ಟನ್‌ನಲ್ಲೂ ಮಳೆ ಜೋರಾಗಿಯೇ ಬರುತ್ತದೆ. ಆದರೆ ಕೂತು ನೋಡಲು ಜಗುಲಿ ಇಲ್ಲ. ಕಾರಿನಿಂದ ಇಳಿದು ಓಡುವುದಷ್ಟೇ.

ಮಗನಿಗೆ ಪೆಟ್ರೋಲಿಯಂ ಎಂಜಿನಿಯರಿಂಗ್ ಸೀಟು ಸಿಗುವ ಹಾಗಿದೆ. ಈ ಬ್ರಾಂಚಿನಷ್ಟು ಸಂಬಳ ಬೇರೆ ಯಾವುದಕ್ಕೂ ಇಲ್ಲ ಅಂತ ಯಾರೋ ಹೇಳಿದ್ದಾರೆ. "ನೀನು ಅಲ್ಲೇ ಎಣ್ಣೆ ಕಂಪನಿಗಳ ಮಧ್ಯ ಇದ್ದೀಯಲ್ಲ, ಸೇರಿಸಲಾ ಬೇಡವಾ, ಒಂದು ಮಾತಲ್ಲಿ ಹೇಳು" ಅಂದಿದ್ದೀಯ. ಒಂದು ಮಾತಲ್ಲಿ ಆಗುವುದಿಲ್ಲ ಮಾರಾಯ. ಅದಕ್ಕೇ ಈ ಪತ್ರ. ನಮ್ಮ ಹಾಸ್ಟೆಲ್ ಗುಂಪಿನವರ ಮಕ್ಕಳೆಲ್ಲ ಇದೇ ವಯಸ್ಸಿಗೆ ಬಂದಿದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ. ಇನ್ನೊಂದು ವಿಷಯ, ಊರಲ್ಲಿ ಯಾರ ಹತ್ತಿರವೂ ನಾನು ಎಣ್ಣೆ ಕಂಪನಿಯವನು ಅಂತ ಹೇಳಬೇಡ. ಹೋದ ಸಲ ಬಂದಾಗ ಬಸ್ಸಿನಲ್ಲಿ ಒಬ್ಬರು "ಯಾವ ಬ್ರ್ಯಾಂಡು?" ಅಂತ ಕೇಳಿದರು.

ಮೊದಲು ವೆನಿಲ್ಲಾ ಕಾಲ ನೆನಪು ಮಾಡಿಕೊ. 2000ದಲ್ಲಿ ಎಲ್ಲೋ ಮಡಗಾಸ್ಕರ್‌ನಲ್ಲಿ ಚಂಡಮಾರುತ ಎದ್ದು ಅಲ್ಲಿಯ ಬೆಳೆ ಹಾಳಾಯಿತು. ಎರಡು ಮೂರು ವರ್ಷದಲ್ಲಿ ನಮ್ಮ ಕಡೆ ಹಸಿ ಬೀನ್ಸಿನ ದರ ಕೆಜಿಗೆ ಸಾವಿರಗಳ ಲೆಕ್ಕಕ್ಕೆ ಹೋಯಿತು. ನಿಮ್ಮ ಅಪ್ಪಯ್ಯನೂ ಬಳ್ಳಿ ಹಬ್ಬಿಸಿದರು. ಬೆಳಿಗ್ಗೆ ಒಂದೊಂದೇ ಹೂವಿಗೆ ಕಡ್ಡಿ ಹಿಡಿದು ಪರಾಗ ಮುಟ್ಟಿಸುವುದು, ರಾತ್ರಿ ಟಾರ್ಚ್ ಹಿಡಿದು ತೋಟ ಕಾಯುವುದು. ನಾನೂ ಒಂದು ರಾತ್ರಿ ಕಾವಲಿಗೆ ಬಂದಿದ್ದೆ. ಕಳ್ಳರು ಬರಲಿಲ್ಲ, ಉಂಬಳ ಬಂದವು. ಬಳ್ಳಿ ನೆಟ್ಟು ಹೂವು ಕಾಣಲು ಮೂರು ವರ್ಷ ಬೇಕು. ದರ ಏರಿದ್ದು ನೋಡಿ ನೆಟ್ಟವರ ಬಳ್ಳಿ ಕಾಯಿ ಬಿಡುವ ಹೊತ್ತಿಗೆ ಆ ದರ ಇರಲೇ ಇಲ್ಲ.

ಈ ಊರಿನ ಕಥೆಯೂ ಅದೇ. ಇಲ್ಲಿ ಬಳ್ಳಿ ನೆಡುವವರು ಎಂಜಿನಿಯರು, ಬ್ಯಾಂಕು, ಬಿಲ್ಡರು, ಕಾಲೇಜು, ಎಲ್ಲರೂ.

ಹೂಸ್ಟನ್‌ನಲ್ಲಿ ಎಣ್ಣೆ ಬಾವಿ ಎಲ್ಲಿದೆ ಅಂತ ಬಂದ ಹೊಸದರಲ್ಲಿ ನಾನೂ ಹುಡುಕಿದ್ದೆ. 1901ರ ಜನವರಿಯಲ್ಲಿ ಇಲ್ಲಿಂದ ಪೂರ್ವಕ್ಕೆ, ಬ್ಯೂಮಾಂಟ್ ಹತ್ತಿರದ ಸ್ಪಿಂಡಲ್‌ಟಾಪ್ ಅನ್ನುವ ಗುಡ್ಡದಲ್ಲಿ ಎಣ್ಣೆ ನೂರು ಅಡಿಗೂ ಮೇಲೆ ಚಿಮ್ಮಿತಂತೆ, ಒಂಬತ್ತು ದಿನ ನಿಲ್ಲಿಸಲು ಆಗಲಿಲ್ಲವಂತೆ. ಆಮೇಲೆ 1914ರಲ್ಲಿ ಸಮುದ್ರದಿಂದ ಊರಿನವರೆಗೆ ಹಡಗು ಬರುವ ಕಾಲುವೆ ಆಯಿತು. ಅಲ್ಲಿಂದ ಈ ಊರಿನ ಹಣೆಬರಹ ಬದಲಾಯಿತು. ಈಗ ಎಣ್ಣೆ ಜಾಸ್ತಿ ತೆಗೆಯುವುದು 800 ಕಿಲೋಮೀಟರ್ ದೂರದ ಮಿಡ್‌ಲ್ಯಾಂಡ್ ಕಡೆ, ಪರ್ಮಿಯನ್ ಅನ್ನುವ ಬಯಲಿನಲ್ಲಿ. ಹೂಸ್ಟನ್ ತೋಟ ಅಲ್ಲ, ಮಂಡಿ. ಲೆಕ್ಕ ಬರೆಯುವವರು, ವ್ಯಾಪಾರ ಮಾಡುವವರು, ನಕ್ಷೆ ಬಿಡಿಸುವವರು, ಬಾವಿಗೆ ಇಳಿಸುವ ಉಪಕರಣ ಮಾಡುವವರು ಇರುವ ಊರು. ನಾನು ಬಂದದ್ದು ಈ ಕೊನೆಯ ಜಾತಿಯವನಾಗಿ.

ನಾನು ಬಂದಿದ್ದು 2006ರಲ್ಲಿ. 2008ರ ಜುಲೈಯಲ್ಲಿ ಒಂದು ಬ್ಯಾರಲ್, ಅಂದರೆ ಪೀಪಾಯಿ, ಕಚ್ಚಾ ಎಣ್ಣೆಯ ದರ 147 ಡಾಲರ್ ಮುಟ್ಟಿ, ಡಿಸೆಂಬರಿಗೆ 30ರ ಆಸುಪಾಸಿಗೆ ಬಿದ್ದಾಗ ನನಗೆ ಪಾಠ ಆಗಬೇಕಿತ್ತು. ಆಗಲಿಲ್ಲ. ಬೇಗ ಮೇಲೆದ್ದಿತಲ್ಲ! 2011ರಿಂದ 2014ರ ಮಧ್ಯದವರೆಗೆ 90, 100ರ ಸುತ್ತಲೇ ನಿಂತಿತು. ಅದೇ ಸಾಮಾನ್ಯ ದರ ಅಂತ ಎಲ್ಲರೂ ನಂಬಿಬಿಟ್ಟೆವು. ಶೇಲ್ ಕಲ್ಲನ್ನು ಅಡ್ಡಡ್ಡ ಕೊರೆದು, ನೀರು ಮರಳು ನುಗ್ಗಿಸಿ ಒಡೆದು ಎಣ್ಣೆ ತೆಗೆಯುವ ವಿದ್ಯೆ ಪಳಗಿದ ಕಾಲ ಅದು. ನಮ್ಮ ಆಫೀಸಿನ ಪಾರ್ಕಿಂಗ್ ಕಟ್ಟಡಕ್ಕೆ ಆರು ಅಂತಸ್ತು. ಎಂಟು ಗಂಟೆಗೆ ಹೋದರೆ ಆರನೆಯ ಅಂತಸ್ತಿನಲ್ಲಿ, ಬಿಸಿಲಿನಲ್ಲಿ ಜಾಗ. ಏಳಕ್ಕೆ ಹೋದರೆ ಮೂರನೆಯದರಲ್ಲಿ. ಈ ಊರಿನ ಕಾಲ ಹೇಗಿದೆ ಅಂತ ತಿಳಿಯಲು ನನಗೆ ಪೇಪರ್ ಬೇಕಿರಲಿಲ್ಲ, ಕಾರು ಎಷ್ಟನೇ ಅಂತಸ್ತಿನಲ್ಲಿ ನಿಂತಿದೆ ಅಂತ ನೋಡಿದರೆ ಸಾಕಿತ್ತು.

ಇನ್ನೊಂದು ಅಳತೆ ಶುಕ್ರವಾರ ಮಧ್ಯಾಹ್ನ 12 ಗಂಟೆಯದು. ಬೇಕರ್ ಹ್ಯೂಸ್ ಕಂಪನಿ ಅಮೆರಿಕದಲ್ಲಿ ಆ ವಾರ ಎಷ್ಟು ರಿಗ್‌ಗಳು, ಅಂದರೆ ಬಾವಿ ತೋಡುವ ಯಂತ್ರಗಳು, ಕೊರೆಯುತ್ತಿವೆ ಅನ್ನುವ ಲೆಕ್ಕ ಆಗ ಹೊರಗೆ ಬಿಡುತ್ತದೆ. ನೀವು ಅಡಿಕೆ ಸೊಸೈಟಿ ಬೋರ್ಡಿನಲ್ಲಿ ರಾಶಿ ಇಡಿ ದರ ನೋಡಿದ ಹಾಗೆ ನಾವು ಅದನ್ನು ನೋಡುತ್ತೇವೆ. 2014ರ ಅಕ್ಟೋಬರಿನಲ್ಲಿ ಎಣ್ಣೆ ರಿಗ್ 1,600 ದಾಟಿತ್ತು. 2016ರ ಮೇ ತಿಂಗಳಿಗೆ 316. ಐದರಲ್ಲಿ ನಾಲ್ಕು ಪಾಲು ನಿಂತುಹೋಗಿತ್ತು.

ಆದರೆ ದರ ಬಿದ್ದ ದಿನ ಏನೂ ಆಗುವುದಿಲ್ಲ. ನಿನಗೆ ಮುಖ್ಯವಾಗಿ ಹೇಳಬೇಕಾದದ್ದೇ ಇದು. 2014ರ ನವೆಂಬರ್ 27, ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ವಿಯೆನ್ನಾದಲ್ಲಿ ಒಪೆಕ್, ಅಂದರೆ ಎಣ್ಣೆ ಮಾರುವ ದೇಶಗಳ ಕೂಟ, ಸಭೆ ಸೇರಿ, ಉತ್ಪಾದನೆ ಕಡಿಮೆ ಮಾಡುವುದಿಲ್ಲ ಅಂದಿತು. ಮಾರನೆಯ ದಿನವೇ ಬ್ಯಾರಲ್ 70 ಡಾಲರಿಗಿಂತ ಕೆಳಗೆ. ನಾವು ಆವತ್ತು ಯಾರದೋ ಮನೆಯಲ್ಲಿ ಬಿಸಿಬೇಳೆಬಾತ್ ಉಂಡು ಕ್ರಿಕೆಟ್ ಮಾತಾಡುತ್ತಾ ಇದ್ದೆವು. ಡಿಸೆಂಬರಿನಲ್ಲಿ ಬೋನಸ್ ಕೂಡ ಬಂತು. ನಮ್ಮ ಬೀದಿಯಲ್ಲಿ ಇಬ್ಬರು ಹೊಸ ಕಾರು ತೆಗೆದುಕೊಂಡರು.

ಏಟು ಬರುವ ಕ್ರಮವೇ ಬೇರೆ. ಮೊದಲು ಎಣ್ಣೆ ಕಂಪನಿಗಳು ಮುಂದಿನ ವರ್ಷ ಇಷ್ಟು ಬಾವಿ ಕೊರೆಯುವುದಿಲ್ಲ ಅಂತ ಬಜೆಟ್ ಕತ್ತರಿಸುತ್ತವೆ. ಕಾಗದದ ಮೇಲೆ ಅಷ್ಟೇ, ಯಾರ ಕೆಲಸವೂ ಹೋಗುವುದಿಲ್ಲ. ಆಮೇಲೆ ರಿಗ್ ನಿಲ್ಲುತ್ತದೆ. ಒಂದು ರಿಗ್ ನಿಂತರೆ ಅದಕ್ಕೆ ಪೈಪು, ಸಿಮೆಂಟು, ಮರಳು, ಲಾರಿ ಒದಗಿಸುವವರು ಎಲ್ಲರೂ ನಿಲ್ಲಬೇಕು. ನಮ್ಮಂಥ ಸರ್ವಿಸ್ ಕಂಪನಿಗಳಿಗೆ ಪೆಟ್ಟು ಆಗ. ಮುಂದೆ ಎಲ್ಲಿ ಎಣ್ಣೆ ಇದೆ ಅಂತ ಹುಡುಕುವ ಭೂವಿಜ್ಞಾನಿಗಳು ಮೊದಲ ಸಾಲಿನಲ್ಲೇ ಹೋಗುತ್ತಾರೆ. ಇದ್ದದ್ದನ್ನೇ ತೆಗೆಯದವನಿಗೆ ಹೊಸತನ್ನು ಹುಡುಕಿ ಏನಾಗಬೇಕು? ಕೊನೆಗೆ, ವರ್ಷವೋ ಒಂದೂವರೆ ವರ್ಷವೋ ಆದ ಮೇಲೆ, ಎಣ್ಣೆಯ ಮುಖವನ್ನೇ ನೋಡದವರ ಮನೆಗೆ ಅದು ಬಂದು ಬಾಗಿಲು ತಟ್ಟುತ್ತದೆ.

ನನ್ನ ಸರದಿ 2016ರ ಫೆಬ್ರುವರಿಯಲ್ಲಿ ಬಂತು. ಬ್ಯಾರಲ್ 26 ಡಾಲರಿಗೆ ಇಳಿದ ತಿಂಗಳು. ಆಗಲೇ ನಮ್ಮಲ್ಲಿ ಎರಡು ಸುತ್ತು ಜನರನ್ನು ತೆಗೆದಾಗಿತ್ತು, ಎಲ್ಲರಿಗೂ ಕ್ರಮ ಗೊತ್ತಾಗಿತ್ತು. ಗುರುವಾರ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಹೆಸರಿಲ್ಲದ ಹದಿನೈದು ನಿಮಿಷದ ಮೀಟಿಂಗ್. ಕೋಣೆಗೆ ಹೋದರೆ ಮೇಜಿನ ಮೇಲೆ ಒಂದು ಕವರ್, ಒಂದು ಟಿಶ್ಯೂ ಡಬ್ಬಿ. ಡಬ್ಬಿ ಆಗಲೇ ಅರ್ಧ ಖಾಲಿ. ಅದನ್ನು ನೋಡಿ ನನಗೆ ಅಳುವ ಬದಲು, ನನಗಿಂತ ಮುಂಚೆ ಎಷ್ಟು ಜನ ಬಂದು ಹೋಗಿರಬಹುದು ಅನ್ನುವ ಲೆಕ್ಕ ಶುರುವಾಯಿತು. ಎಂಜಿನಿಯರ್ ಬುದ್ಧಿ. ಮ್ಯಾನೇಜರ್ ಓದಬೇಕಾದ್ದನ್ನು ಕಾಗದ ನೋಡಿ ಓದಿದ, ನನ್ನ ಮುಖ ನೋಡಲಿಲ್ಲ. ಪಾಪ, ಎರಡು ತಿಂಗಳಿಗೆ ಅವನೂ ಹೋದ. ರಟ್ಟಿನ ಡಬ್ಬಿಯಲ್ಲಿ ನನ್ನ ಕಾಫಿ ಲೋಟ, ಮಗಳು ಬಿಡಿಸಿದ ಒಂದು ಚಿತ್ರ, ಮೇಜಿನ ಮೇಲಿದ್ದ ಪುಟ್ಟ ಗಣಪತಿ. ಕೆಳಗೆ ಬಂದರೆ ಕಾರು ಒಂದನೆಯ ಅಂತಸ್ತಿನಲ್ಲಿ, ಲಿಫ್ಟಿನ ಬಾಗಿಲಿಗೆ ಅಂಟಿಕೊಂಡ ಹಾಗೆ ನಿಂತಿತ್ತು. ಹತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ಜಾಗ ನನಗೆ ಎಂದೂ ಸಿಕ್ಕಿರಲಿಲ್ಲ.

ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು. ಎರಡು ಮನೆ ಆಚೆ ಇದ್ದ ಹುಬ್ಬಳ್ಳಿ ಕಡೆಯವರ ಹತ್ತಿರ ಇರಲಿಲ್ಲ, ಕೆಲಸ ಇರುವವರೆಗೆ ಮಾತ್ರ ನಡೆಯುವ ಎಚ್-1ಬಿ ವೀಸಾ. ಕೆಲಸ ಹೋದ ಮೇಲೆ 60 ದಿನ ಇರಬಹುದು ಅನ್ನುವ ನಿಯಮ ಬಂದದ್ದೇ 2017ರ ಜನವರಿಯಲ್ಲಿ. 2016ರಲ್ಲಿ ಅಷ್ಟೂ ಇರಲಿಲ್ಲ. ಶಾಲೆಯ ವರ್ಷ ಮುಗಿಯುವ ಮುಂಚೆಯೇ ಹೊರಟರು. ಹೋಗುವಾಗ ಗ್ರೈಂಡರು, ತುಳಸಿ ಗಿಡ, ಅರ್ಧ ಚೀಲ ಸೋನಾ ಮಸೂರಿ ನಮಗೆ ಕೊಟ್ಟರು. ತುಳಸಿ ಆ ಚಳಿಗಾಲದಲ್ಲಿ ಸತ್ತಿತು. ಗ್ರೈಂಡರ್ ಈಗಲೂ ಇದೆ, ಇವತ್ತು ಬೆಳಿಗ್ಗೆ ದೋಸೆ ಹಿಟ್ಟು ಅದರದ್ದೇ.

ಬಾಗಿಲು ತಟ್ಟುತ್ತದೆ ಅಂದೆನಲ್ಲ. ನಮ್ಮ ಕಡೆ ಒಬ್ಬ ಆಂಧ್ರದ ಅಕ್ಕ ಮನೆಯಲ್ಲೇ ಚಪಾತಿ, ಪಲ್ಯ ಮಾಡಿ ಡಬ್ಬಿ ಕೊಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ಅವರ ಗಿರಾಕಿ. 2014ರಲ್ಲಿ ಡಬ್ಬಿಗೆ ಹೆಸರು ಬರೆಸಿ ಕಾಯಬೇಕಿತ್ತು. 2016ರ ಬೇಸಿಗೆಗೆ ಅವರೇ ಫೋನ್ ಮಾಡಿ "ಅಣ್ಣಾ, ವಾರಕ್ಕೆ ಎರಡು ದಿನ ಆದರೂ ತಗೊಳ್ಳಿ" ಅನ್ನುವ ಹಾಗಾಯಿತು. ಕೆಲಸ ಹೋದವರ ಮನೆಯಲ್ಲಿ ಅಡುಗೆ ಮಾಡಲು ಪುರುಸೊತ್ತು ಬಂದುಬಿಡುತ್ತದೆ, ಅಲ್ವಾ? ಕೇಟಿ ಫ್ರೀವೇ ಉದ್ದಕ್ಕೂ ಎಣ್ಣೆ ಕಂಪನಿಗಳ ಆಫೀಸು ಸಾಲಾಗಿವೆ, ಎನರ್ಜಿ ಕಾರಿಡಾರ್ ಅಂತಲೇ ಹೆಸರು. ಆ ವರ್ಷ ಅಲ್ಲಿ ಕಟ್ಟಡಕ್ಕೊಂದು, ಖಾಲಿ ಜಾಗ ಬಾಡಿಗೆಗಿದೆ ಅನ್ನುವ ಸಬ್‌ಲೀಸ್ ಬೋರ್ಡು. ಮಧ್ಯಾಹ್ನದ ಬಫೆ ಹೋಟೆಲುಗಳಲ್ಲಿ ಇಡ್ಲಿ ಹಳಸುತ್ತಿತ್ತು. ಮಕ್ಕಳ ಭರತನಾಟ್ಯ ಕ್ಲಾಸಿನ ಟೀಚರ್, ಕಾರು ತೊಳೆಯುವ ಹುಡುಗರು, ಮನೆ ಮಾರಿಸುವ ಏಜೆಂಟರು ಯಾರೂ ಬಾವಿ ಕೊರೆದವರಲ್ಲ. ಆದರೂ ಒಪೆಕ್ ಸಭೆಯ ಬಿಲ್ಲಿನಲ್ಲಿ ಅವರದ್ದೂ ಪಾಲಿತ್ತು.

ಈಗ ಒಂದು ವಿಚಿತ್ರ ಹೇಳುತ್ತೇನೆ. ಇಷ್ಟೆಲ್ಲ ಆದರೂ ಊರು ಮುಳುಗಲಿಲ್ಲ. ಎಣ್ಣೆ ಕ್ಷೇತ್ರದಲ್ಲಿ ಹತ್ತಾರು ಸಾವಿರ ಕೆಲಸ ಹೋದರೂ ಒಟ್ಟು ಊರಿನ ಕೆಲಸಗಳ ಲೆಕ್ಕ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಕಾರಣ ಊರಿನ ಪೂರ್ವ ದಿಕ್ಕು. ಹಡಗಿನ ಕಾಲುವೆ ಪಕ್ಕ ಪ್ಯಾಸಡೀನಾ, ಬೇಟೌನ್ ಅಂತ ಊರುಗಳಿವೆ. ರಿಫೈನರಿ, ಪ್ಲಾಸ್ಟಿಕ್ಕಿನ ಕಚ್ಚಾ ಮಾಲು ಮಾಡುವ ಕಾರ್ಖಾನೆಗಳ ಕಾಡು. ಅವರಿಗೆ ಎಣ್ಣೆ, ಗ್ಯಾಸು ಮಾರುವ ವಸ್ತು ಅಲ್ಲ, ಕೊಳ್ಳುವ ವಸ್ತು. ಶೇಲಿನಿಂದ ಬಂದ ಅಗ್ಗದ ಗ್ಯಾಸು ನೋಡಿ ಹಿಂದಿನ ವರ್ಷಗಳಲ್ಲೇ ದೊಡ್ಡ ದೊಡ್ಡ ಪ್ಲಾಂಟುಗಳಿಗೆ ದುಡ್ಡು ಹಾಕಿದ್ದರು. ನಾವು ಪಶ್ಚಿಮದಲ್ಲಿ ರಟ್ಟಿನ ಡಬ್ಬಿ ಹಿಡಿದು ಇಳಿಯುವಾಗ ಪೂರ್ವದಲ್ಲಿ ವೆಲ್ಡರು, ಪೈಪ್ ಫಿಟ್ಟರುಗಳಿಗೆ ಓವರ್‌ಟೈಮ್. ಒಂದೇ ಊರು, ಒಂದೇ ದರ, ಒಂದು ಕಡೆ ಸೂತಕ, ಇನ್ನೊಂದು ಕಡೆ ಮದುವೆ. ನಮ್ಮೂರಲ್ಲಿ ಅಡಿಕೆ ದರ ಬಿದ್ದರೆ ಗುಟ್ಕಾದವನಿಗೆ ಖುಷಿಯಾದ ಹಾಗೆ.

ಏಳು ತಿಂಗಳು ಮನೆಯಲ್ಲಿ ಕೂತು, ನನಗೂ ಕೊನೆಗೆ ಕೆಲಸ ಸಿಕ್ಕಿದ್ದು ಪೂರ್ವದಲ್ಲೇ. ಒಂದು ಕೆಮಿಕಲ್ ಪ್ಲಾಂಟಿನ ಪಂಪು, ಕಂಪ್ರೆಸರ್ ನೋಡಿಕೊಳ್ಳುವುದು. ಮನೆ ಪಶ್ಚಿಮದ ಕೇಟಿಯಲ್ಲಿ, ಕೆಲಸ ಪ್ಯಾಸಡೀನಾದಲ್ಲಿ, ಹೋಗುವಾಗ ಸುಮಾರು 70 ಕಿಲೋಮೀಟರ್, ಬರುವಾಗ ಅಷ್ಟೇ. ಸಂಬಳ ಮೊದಲಿಗಿಂತ ಕಡಿಮೆ. ನಾನು ಓದಿದ್ದು ಮೆಕ್ಯಾನಿಕಲ್ ಆದ್ದರಿಂದ ದಾಟಲು ಆಯಿತು ಅಂತ ಅವತ್ತು ಅನ್ನಿಸಿತು, ಇವತ್ತೂ ಅದೇ ಅನ್ನಿಸುತ್ತದೆ. ನನ್ನ ಜೊತೆ ಇದ್ದ ಪೆಟ್ರೋಲಿಯಂ ಹುಡುಗರಲ್ಲಿ ಒಬ್ಬ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಾನೆ. ಚೆನ್ನಾಗಿಯೇ ಇದ್ದಾನೆ, ಆದರೆ ಓದಿದ್ದು ಅದಕ್ಕಲ್ಲವಲ್ಲ.

ನನ್ನ ಮೊದಲ ಮ್ಯಾನೇಜರ್ ಒಬ್ಬ ಟೆಕ್ಸಸ್ ಮುದುಕ ಇದ್ದ. ಅವನ ಪ್ರಕಾರ ನಾವು ಕಂಡದ್ದು ಏನೂ ಅಲ್ಲ. 1970ರ ದಶಕದಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದು, ಆಮೇಲೆ ಇರಾನಿನಲ್ಲಿ ಕ್ರಾಂತಿಯಾಗಿ ದರ ಮೇಲೆ ಮೇಲೆ ಹೋದಾಗ, ಇಡೀ ಅಮೆರಿಕ ಪೆಟ್ರೋಲಿಗೆ ಕ್ಯೂ ನಿಂತಿತ್ತು, ಹೂಸ್ಟನ್ ಮಾತ್ರ ಕುಣಿಯುತ್ತಿತ್ತು. ಕಾರು ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡವರು ಮಿಷಿಗನ್‌ನಿಂದ ಗುಳೆ ಬಂದರು. ಅಲ್ಲಿಯ ನಂಬರ್ ಪ್ಲೇಟು ಕಪ್ಪು, ಅದಕ್ಕೇ ಅವರಿಗೆ ಕಪ್ಪು ಪ್ಲೇಟಿನವರು ಅಂತಲೇ ಅಡ್ಡಹೆಸರು. 1981ರ ಕೊನೆಗೆ ಅಮೆರಿಕದಲ್ಲಿ 4,500ಕ್ಕೂ ಜಾಸ್ತಿ ರಿಗ್ ತಿರುಗುತ್ತಿದ್ದವು. ಊರಿನ ನಡುವೆ 75 ಅಂತಸ್ತಿನ ಗೋಪುರ ಎದ್ದು ನಿಂತದ್ದು 1982ರಲ್ಲಿ. ಅಷ್ಟೊತ್ತಿಗೆ ಕೆಳಗೆ ನೆಲ ಅಲುಗಾಡಲು ಶುರುವಾಗಿತ್ತು. 1986ರಲ್ಲಿ ಸೌದಿಯವರು ನಲ್ಲಿ ಪೂರ್ತಿ ಬಿಟ್ಟರು, 30ರ ಹತ್ತಿರ ಇದ್ದ ಬ್ಯಾರಲ್ ಕೆಲವೇ ತಿಂಗಳಲ್ಲಿ 10ರ ಹತ್ತಿರಕ್ಕೆ ಬಂತು.

1982ರಿಂದ ಐದು ವರ್ಷದಲ್ಲಿ ಈ ಊರು ಎರಡು ಲಕ್ಷಕ್ಕೂ ಹೆಚ್ಚು ಕೆಲಸ ಕಳೆದುಕೊಂಡಿತು. ಸಾಲದ ಕಂತು ಕಟ್ಟಲಾಗದೆ ಜನ ಮನೆ ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಬ್ಯಾಂಕಿಗೆ ಪೋಸ್ಟ್ ಮಾಡಿ ಊರು ಬಿಟ್ಟರಂತೆ. ಬ್ಯಾಂಕುಗಳೇ ಉಳಿಯಲಿಲ್ಲ ಬಿಡು. ಟೆಕ್ಸಸ್‌ನ 10 ದೊಡ್ಡ ಬ್ಯಾಂಕುಗಳಲ್ಲಿ 9 ಆ ದಶಕ ಮುಗಿಯುವುದರೊಳಗೆ ಮುಳುಗಿದವು, ಇಲ್ಲವೇ ಇನ್ನೊಬ್ಬರ ಪಾಲಾದವು. "ದೇವರೇ, ಇನ್ನೊಂದೇ ಒಂದು ಸಲ ಎಣ್ಣೆ ಸುಗ್ಗಿ ಕೊಡು, ಈ ಸಲ ಹಾಳು ಮಾಡಿಕೊಳ್ಳುವುದಿಲ್ಲ" ಅನ್ನುವ ಅರ್ಥದ ಸ್ಟಿಕ್ಕರನ್ನು ಕಾರಿನ ಹಿಂದೆ ಅಂಟಿಸಿಕೊಂಡು ಓಡಾಡುತ್ತಿದ್ದರಂತೆ. ಮೂಲದಲ್ಲಿ ಇನ್ನೂ ಸ್ವಲ್ಪ ಒರಟಾಗಿದೆ, ನಿಮ್ಮ ಮನೆಯಲ್ಲಿ ದೊಡ್ಡವರೂ ಓದುತ್ತಾರೆ ಅಂತ ಬಿಟ್ಟಿದ್ದೇನೆ.

ಆ ಕುಸಿತ ಊರಿನ ರೂಪವನ್ನೇ ಬದಲಿಸಿತು. ಗಲ್ಫ್‌ಟನ್ ಅಂತ ಒಂದು ಬಡಾವಣೆ ಇದೆ. 70ರ ದಶಕದಲ್ಲಿ ಹೊರಗಿನಿಂದ ಬಂದ ಮದುವೆಯಾಗದ ಹುಡುಗ ಹುಡುಗಿಯರಿಗೆ ಅಂತ ಅಲ್ಲಿ ಈಜುಕೊಳ ಇಟ್ಟು ಸಾಲು ಸಾಲು ಅಪಾರ್ಟ್‌ಮೆಂಟ್ ಕಟ್ಟಿದ್ದರು. ಆ ಹುಡುಗರು ಊರು ಬಿಟ್ಟರು. ಖಾಲಿ ಮನೆ ಇಟ್ಟುಕೊಂಡು ಏನು ಮಾಡುವುದು? ಬಾಡಿಗೆ ಇಳಿಸಿ, ಎಲ್ ಸಾಲ್ವಡಾರ್, ಗ್ವಾಟೆಮಾಲಾ ಕಡೆಯಿಂದ ಯುದ್ಧ ತಪ್ಪಿಸಿಕೊಂಡು ಬಂದವರಿಗೆ ಕೊಟ್ಟರು. ಈಗ ಅಲ್ಲಿ ಸಂಜೆ ಹೋದರೆ ಮಕ್ಕಳ ಗದ್ದಲ, ಬೀದಿ ಬದಿಯಲ್ಲಿ ಜೋಳದ ತಿಂಡಿ. ಅದರ ಹತ್ತಿರವೇ ಹಿಲ್‌ಕ್ರಾಫ್ಟ್, ನಮ್ಮವರ ಅಂಗಡಿಗಳ ಬೀದಿ. 2010ರಿಂದ ಅದಕ್ಕೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತ ಹೆಸರು. ನನ್ನ ಹೆಂಡತಿ ಬ್ಯಾಡಗಿ ಮೆಣಸಿನಕಾಯಿ ತರುವುದು ಅಲ್ಲಿಂದ.

ರಾಜ್ಯ ಸರ್ಕಾರಕ್ಕೂ ಅವತ್ತು ಸ್ವಲ್ಪ ಬುದ್ಧಿ ಬಂತು. ಟೆಕ್ಸಸ್‌ನಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಎಣ್ಣೆ ತೆಗೆದರೆ ಅದರ ಬೆಲೆಯ ಶೇಕಡಾ 4.6 ರಾಜ್ಯಕ್ಕೆ. ದರ ಬಿದ್ದರೆ ಬೊಕ್ಕಸವೂ ಬೀಳುತ್ತದೆ. 1988ರಲ್ಲಿ ಜನ ಮತ ಹಾಕಿ, ಒಳ್ಳೆಯ ಕಾಲದ ಎಣ್ಣೆ, ಗ್ಯಾಸು ತೆರಿಗೆಯಲ್ಲಿ ಒಂದು ಪಾಲು ಎತ್ತಿಡುವ ನಿಧಿ ಮಾಡಿದರು. ಮಳೆಗಾಲದ ನಿಧಿ ಅನ್ನುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆ ಹಪ್ಪಳ, ಸೌದೆ ಎತ್ತಿಡುವ ಹಾಗೆ. ಊರಿನ ಬಲ ಮಾತ್ರ ಎಣ್ಣೆ ಆಚೆ ಬೆಳೆದದ್ದರಿಂದ ಬಂತು. ಇಲ್ಲಿಯ ಟೆಕ್ಸಸ್ ಮೆಡಿಕಲ್ ಸೆಂಟರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಬ್ಯಾರಲ್ ಎಷ್ಟಾದರೂ ಜನರಿಗೆ ಕಾಯಿಲೆ ಬರುತ್ತದಲ್ಲ. ನನಗೆ ಕೆಲಸವಿಲ್ಲದ ಏಳು ತಿಂಗಳು ಮನೆ ನಡೆದದ್ದು ಹೆಂಡತಿಯ ಆಸ್ಪತ್ರೆ ಲ್ಯಾಬಿನ ಸಂಬಳದಲ್ಲಿ. ನಮ್ಮ ಸುತ್ತ ಎಷ್ಟೋ ಮನೆಗಳಲ್ಲಿ ಇದೇ ಜೋಡಿ, ಒಬ್ಬರು ಎಣ್ಣೆ, ಒಬ್ಬರು ಆಸ್ಪತ್ರೆ. ಅಡಿಕೆ ಜೊತೆ ಕಾಳುಮೆಣಸು ಹಬ್ಬಿಸಿದ ಹಾಗೆ.

2020ರದ್ದು ನಿನಗೆ ಗೊತ್ತೇ ಇದೆ. ಏಪ್ರಿಲ್ 20ರಂದು ಅಡುಗೆಮನೆ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ದರ 10, 5, 1, ಸೊನ್ನೆ. ಆಮೇಲೂ ನಿಲ್ಲಲಿಲ್ಲ. ಮೈನಸ್ 37 ಡಾಲರ್ 63 ಸೆಂಟ್. ಲಾಕ್‌ಡೌನಿನಲ್ಲಿ ಎಣ್ಣೆ ಕೇಳುವವರಿಲ್ಲ. ಎಣ್ಣೆ ಕೂಡಿಡುವ ಜಾಗವಾದ ಓಕ್ಲಹೋಮದ ಕುಶಿಂಗ್‌ನಲ್ಲಿ ಟ್ಯಾಂಕು ತುಂಬುತ್ತಾ ಬಂದಿದ್ದವು, ಉಳಿದ ಜಾಗವೂ ಯಾರೋ ಕಾದಿರಿಸಿಕೊಂಡದ್ದು. ಮೇ ತಿಂಗಳಿಗೆ ಎಣ್ಣೆ ಕೊಳ್ಳುವ ಕರಾರು ಕೈಯಲ್ಲಿದ್ದವನು ಎಣ್ಣೆ ತಂದು ಎಲ್ಲಿ ಸುರಿಯುತ್ತಾನೆ? ದುಡ್ಡು ಕೊಟ್ಟಾದರೂ ಕೈ ತೊಳೆದುಕೊಂಡರೆ ಸಾಕು ಅಂತ ಮಾರಿದರು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಹಾಗಾದ್ರೆ ಪೆಟ್ರೋಲ್ ಹಾಕಿಸಿದವ್ರಿಗೆ ಅವ್ರೇ ದುಡ್ಡು ಕೊಡ್ತಾರಾ?" ಅಂದಳು. ನಿಮಗೆ ಅದೂ ಇಲ್ಲ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಲೀಟರಿಗೆ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತಲ್ಲ. ಇಳಿದ ದರ ಸಾಗರದ ಬಂಕಿನವರೆಗೆ ಬರಲೇ ಇಲ್ಲ.

ಈಗ ನಿನ್ನ ಮಗನ ವಿಷಯಕ್ಕೆ ಬರುತ್ತೇನೆ. 2012ರಲ್ಲಿ ಬ್ಯಾರಲ್ 100ರ ಹತ್ತಿರ ಇದ್ದಾಗ ಇಲ್ಲಿಯ ಕಾಲೇಜುಗಳಲ್ಲಿ ಪೆಟ್ರೋಲಿಯಂ ಸೀಟಿಗೆ ನೂಕುನುಗ್ಗಲು. ಆಗ ಸೇರಿದವರು ಹೊರಗೆ ಬಂದದ್ದು 2016ರಲ್ಲಿ. ಆ ವರ್ಷ ಕಂಪನಿಗಳು ಇದ್ದವರನ್ನೇ ಕಳಿಸುತ್ತಿದ್ದವು. ಅದನ್ನು ನೋಡಿ ಹೊಸ ಮಕ್ಕಳು ಸೇರುವುದನ್ನೇ ಬಿಟ್ಟರು. 2022ರಲ್ಲಿ ಯುಕ್ರೇನ್ ಯುದ್ಧದಿಂದ ದರ ಮತ್ತೆ 100 ದಾಟಿದಾಗ ಹುಡುಕಿದರೂ ಹೊಸ ಎಂಜಿನಿಯರುಗಳಿಲ್ಲ. ಎಲ್ಲರೂ ಛೀ ಅಂದ ವರ್ಷ ಸೇರಿದವರಿಗೆ ಒಳ್ಳೆಯದಾಯಿತು. ಹಾಗಂತ ಯಾವ ವರ್ಷ ಯಾವುದು ಅಂತ ಮೊದಲೇ ಯಾರಿಗೆ ಗೊತ್ತಿರುತ್ತದೆ? ಗೊತ್ತಿದ್ದರೆ ನಾನು ಪ್ಯಾಸಡೀನಾಕ್ಕೆ ದಿನಾ 70 ಕಿಲೋಮೀಟರ್ ಹೊಡೆಯುತ್ತಿರಲಿಲ್ಲ. "ಇದರಷ್ಟು ಸಂಬಳ ಬೇರೆಯದಕ್ಕಿಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಹೆದರಿಕೆ ಆಗುತ್ತದೆ, ಅಷ್ಟೇ.

ಇನ್ನೊಂದು ಬದಲಾವಣೆ ಇದೆ, ಅದು ಹಿಂದೆ ಇರಲಿಲ್ಲ. ಮೊದಲೆಲ್ಲ ದರ ಬಿದ್ದರೆ ಕೆಲಸ ಹೋಗುತ್ತಿತ್ತು, ಎದ್ದರೆ ಕೆಲಸ ವಾಪಸ್ ಬರುತ್ತಿತ್ತು. ಈಗ ಬರುವುದಿಲ್ಲ. ಅಮೆರಿಕ ಈಗ ದಿನಕ್ಕೆ 130 ಲಕ್ಷ ಬ್ಯಾರಲ್ ಆಸುಪಾಸು ತೆಗೆಯುತ್ತಿದೆ, ಅದರ ಇತಿಹಾಸದಲ್ಲೇ ಜಾಸ್ತಿ. 2024ರಲ್ಲಿ ಅದನ್ನು ತೆಗೆದದ್ದು ಸುಮಾರು 500 ರಿಗ್. 2014ರಲ್ಲಿ 1,600 ರಿಗ್ ಇದ್ದಾಗಲೂ ಇಷ್ಟು ಬರುತ್ತಿರಲಿಲ್ಲ. ಒಂದು ರಿಗ್ ಒಂದೇ ಜಾಗದಲ್ಲಿ ನಿಂತು ಹಲವು ಬಾವಿ ಕೊರೆಯುತ್ತದೆ, ಒಂದೊಂದೂ ನೆಲದೊಳಗೆ ಅಡ್ಡಡ್ಡ ಮೈಲಿಗಟ್ಟಲೆ ಹೋಗುತ್ತದೆ. ಕಂಪನಿಗಳೂ ಒಂದನ್ನೊಂದು ನುಂಗುತ್ತಿವೆ. ಎಕ್ಸಾನ್ ಪಯೋನೀರ್ ಅನ್ನು ತೆಗೆದುಕೊಂಡಿತು, ಕಾನಕೋಫಿಲಿಪ್ಸ್ ಮ್ಯಾರಥಾನ್ ಆಯಿಲನ್ನು. ಎರಡು ಕಂಪನಿ ಒಂದಾದರೆ ಎರಡು ಅಕೌಂಟ್ಸ್ ವಿಭಾಗ ಬೇಡವಲ್ಲ.

ಆ ಖುರ್ಚಿಗಳಲ್ಲಿ ಕೆಲವು ಎಲ್ಲಿಗೆ ಹೋಗುತ್ತಿವೆ ಅಂದುಕೊಂಡೆ? ನಿನ್ನ ಹತ್ತಿರಕ್ಕೇ. ಶೆಲ್ ಕಂಪನಿ 2017ರಲ್ಲೇ ಬೆಂಗಳೂರಿನಲ್ಲಿ, ದೇವನಹಳ್ಳಿ ಕಡೆ ದೊಡ್ಡ ತಂತ್ರಜ್ಞಾನ ಕೇಂದ್ರ ಮಾಡಿತು. ಎಕ್ಸಾನ್ ವೈಟ್‌ಫೀಲ್ಡಿನಲ್ಲಿದೆ. ಶೆವ್ರಾನ್ 2024ರಲ್ಲಿ ಬೆಂಗಳೂರಿಗೆ 100 ಕೋಟಿ ಡಾಲರ್ ಹಾಕುತ್ತೇನೆ ಅಂದಿತು. ಅದೇ ತಿಂಗಳು ತನ್ನ ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾದಿಂದ ಹೂಸ್ಟನ್‌ಗೆ ತರುವುದಾಗಿಯೂ ಹೇಳಿತು. ಅದನ್ನು ಕೇಳಿ ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು. ಬೋರ್ಡು ಇಲ್ಲಿಗೆ ಬರುತ್ತದೆ, ಖುರ್ಚಿ ಅಲ್ಲಿಗೆ ಹೋಗುತ್ತದೆ ಅನ್ನುವುದು ಆಮೇಲೆ ಅರ್ಥವಾಯಿತು. 2025ರ ಶುರುವಿನಲ್ಲಿ ಅದೇ ಕಂಪನಿ 2026ರ ಕೊನೆಯೊಳಗೆ ಶೇಕಡಾ 15ರಿಂದ 20ರಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ನನಗೆ ಇದರಲ್ಲಿ ಖುಷಿಪಡಬೇಕೋ ಬೇಜಾರುಪಡಬೇಕೋ ತಿಳಿಯುವುದಿಲ್ಲ. ನಾನು 2006ರಲ್ಲಿ ವಿಮಾನ ಹತ್ತಿ ಬಂದ ಕೆಲಸಕ್ಕೆ ನಿನ್ನ ಮಗ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಹೋಗಬಹುದು. ಬ್ಯಾರಲ್ ಬಿದ್ದರೆ ಆ ಗುರುವಾರದ ಮೀಟಿಂಗ್ ಕೂಡ ಅಲ್ಲಿಗೇ ಹೋಗುತ್ತದೆ, ಅದೂ ನಿಜ.

ನನ್ನ ಸಲಹೆ: ಮೆಕ್ಯಾನಿಕಲ್ಲೋ ಕೆಮಿಕಲ್ಲೋ ಸಿಗುತ್ತದಾ ನೋಡು. ಎಣ್ಣೆ ಕಂಪನಿಗೇ ಹೋಗಬೇಕು ಅಂದರೆ ಆ ದಾರಿಯಿಂದಲೂ ಹೋಗಬಹುದು, ಬೇಡವಾದಾಗ ಆಚೆ ಬರುವುದಕ್ಕೂ ಬಾಗಿಲು ಇರುತ್ತದೆ. ಅವನಿಗೆ ನೆಲದೊಳಗಿನ ಕಲ್ಲು, ನೀರು, ಗ್ಯಾಸಿನ ಹುಚ್ಚು ನಿಜಕ್ಕೂ ಇದ್ದರೆ ಪೆಟ್ರೋಲಿಯಂಗೇ ಸೇರಲಿ, ನಾನು ಅಡ್ಡ ಬರುವುದಿಲ್ಲ. ಅಂಥ ಹುಚ್ಚರು ಪ್ರತಿ ಸುತ್ತಿನಲ್ಲೂ ಹೇಗೋ ಉಳಿದುಕೊಂಡದ್ದು ನೋಡಿದ್ದೇನೆ. ಸಂಬಳ ನೋಡಿ ಮಾತ್ರ ಬೇಡ. ಸೇರಿದರೆ ಮೊದಲ ಒಳ್ಳೆಯ ಬೋನಸ್ಸಿನಲ್ಲಿ ಕಾರು ತೆಗೆದುಕೊಳ್ಳಬಾರದು ಅಂತ ನನ್ನ ಹೆಸರಲ್ಲಿ ಆಣೆ ಹಾಕಿಸು.

ಅಡಿಕೆಗೆ ಬೋರ್ಡೋ ಮದ್ದು ಎರಡನೆಯ ಸಲ ಹೊಡೆದಾಯಿತಾ? ಮರ ಹತ್ತುವ ಕೊನೆಗೌಡ ಈ ವರ್ಷ ಸಮಯಕ್ಕೆ ಬಂದನಾ, ಅಥವಾ ಮತ್ತೆ ಅವನ ಮನೆ ಬಾಗಿಲಿಗೆ ನೀನೇ ಬೈಕಿನಲ್ಲಿ ಹೋಗಿ ಕೂತೆಯಾ? ಕೊಳೆ ರೋಗ ಹೆಚ್ಚು ಬಾರದಿದ್ದರೆ ಸಾಕು. ಅಪ್ಪಯ್ಯನಿಗೆ ನಮಸ್ಕಾರ ಹೇಳು.

ಮಗನಿಗೆ ಒಂದು ಸಲ ನನಗೆ ಫೋನ್ ಮಾಡಲು ಹೇಳು. ನಿನ್ನ ಎದುರಿಗೆ ಬೇಡ, ಒಬ್ಬನೇ ತೋಟದ ಕಡೆ ಹೋಗಿ ಮಾಡಲಿ, ಅಲ್ಲಿ ಸಿಗ್ನಲ್ ಇದೆಯಲ್ಲ. ನಿಮಗೆ ಶನಿವಾರ ಬೆಳಿಗ್ಗೆ ಏಳು ಗಂಟೆಯಾದರೆ ನಮಗೆ ಶುಕ್ರವಾರ ರಾತ್ರಿ. ಆ ವಾರದ ರಿಗ್ ಲೆಕ್ಕವೂ ಬಂದಿರುತ್ತದೆ.

ಇತಿ,
ನಿನ್ನ ಹಾಸ್ಟೆಲ್ ರೂಮ್‌ಮೇಟ್
ಕೇಟಿ, ಹೂಸ್ಟನ್